ಮಗ್ಗ ನೇಕಾರನದು, ನೂಲು ಯಾರದು? ಯುರೋಪಿನ ಹಳ್ಳಿ ಜವಳಿ ಮತ್ತು ವರ್ತಕರು

ಓದುಗರ ಪ್ರಶ್ನೆ:

"ಬಾಗಲಕೋಟೆ ಜಿಲ್ಲೆಯವನು, ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದೇನೆ. 16ರಿಂದ 18ನೇ ಶತಮಾನದ ಯುರೋಪಿನ ಹಳ್ಳಿಗಳಲ್ಲಿ ನಡೆಯುತ್ತಿದ್ದ ಜವಳಿ ಉತ್ಪಾದನೆಯ ಮೇಲೆ ಸೆಮಿನಾರ್ ಪ್ರಬಂಧ ಬರೆಯಬೇಕು. ಓದಿದ್ದರಲ್ಲೆಲ್ಲ ಒಂದೇ ಕತೆ: ಪೇಟೆಯ ಕಸುಬುದಾರರ ಸಂಘಗಳಾದ ಗಿಲ್ಡ್‌ಗಳ ಕಾಟ ತಾಳದೆ ವರ್ತಕರು ಹಳ್ಳಿಗೆ ಬಂದರು, ಬಿಡುವಿನಲ್ಲಿದ್ದ ರೈತರಿಂದ ನೂಲಿಸಿ ನೇಯಿಸಿಕೊಂಡರು, ಅದೇ ಮುಂದೆ ಕಾರ್ಖಾನೆಯಾಯಿತು. ನಮ್ಮದು ಗುಳೇದಗುಡ್ಡದ ಕಡೆಯ ನೇಕಾರ ಮನೆತನ. ಮಾಸ್ಟರ್ ವೀವರ್ ಹಾಸು, ಹೊಕ್ಕು ಎರಡನ್ನೂ ಕೊಡುತ್ತಾರೆ, ನಾವು ನೇಯ್ದು ಕೊಟ್ಟು ಮಜೂರಿ ತರುತ್ತೇವೆ. ಮಗ್ಗ ಮಾತ್ರ ನಮ್ಮದೇ. ಹಾಗಾದರೆ ಅಲ್ಲಿನ ನೇಕಾರ ಸ್ವತಂತ್ರನೋ ಕೂಲಿಯೋ? ವರ್ತಕ ಅನ್ನ ಕೊಟ್ಟವನೋ ರಕ್ತ ಹೀರಿದವನೋ? ಎರಡೂ ಬಗೆಯ ಬರಹ ಸಿಗುತ್ತವೆ. ಯಾವ ಪ್ರದೇಶ ಹಿಡಿದು ಬರೆಯಲಿ? ನಮ್ಮೂರಿನ ಜೊತೆ ಹೋಲಿಸಿದರೆ ತಪ್ಪಾಗುತ್ತದೆಯೇ?"

ಉತ್ತರ:

ನೀವು ಓದಿದ ಬರಹಗಳು ಒಂದಕ್ಕೊಂದು ಜಗಳವಾಡುವುದಕ್ಕೆ ಕಾರಣವಿದೆ. ಎರಡು ಬೇರೆ ಬೇರೆ ವ್ಯವಸ್ಥೆಗಳನ್ನು ಪಠ್ಯಪುಸ್ತಕಗಳು ಒಂದೇ ಗಂಟಿನಲ್ಲಿ ಕಟ್ಟಿವೆ. ಒಂದರಲ್ಲಿ ನೇಕಾರ ಕಚ್ಚಾ ಮಾಲನ್ನು ತಾನೇ ಬೆಳೆಯುತ್ತಾನೆ ಇಲ್ಲವೇ ಕೊಳ್ಳುತ್ತಾನೆ, ನೇಯುತ್ತಾನೆ, ಸಂತೆಗೆ ಒಯ್ದು ಹೆಚ್ಚು ಕೊಟ್ಟವನಿಗೆ ಮಾರುತ್ತಾನೆ. ಇನ್ನೊಂದರಲ್ಲಿ ಉಣ್ಣೆಯೋ ನೂಲೋ ವರ್ತಕನದು, ನೇಕಾರನಿಗೆ ಸಿಗುವುದು ಮಜೂರಿ ಮಾತ್ರ. ಜರ್ಮನ್ ಇತಿಹಾಸಕಾರರು ಮೊದಲನೆಯದನ್ನು ಕೌಫ್‌ಸಿಸ್ಟಮ್ ಎಂದೂ ಎರಡನೆಯದನ್ನು ಫರ್ಲಾಗ್‌ಸಿಸ್ಟಮ್ ಎಂದೂ ಕರೆಯುತ್ತಾರೆ. ಎರಡರಲ್ಲೂ ಮಗ್ಗ ಇರುವುದು ನೇಕಾರನ ಮನೆಯಲ್ಲೇ. ಹಾಗಾಗಿ ಮಗ್ಗ ಯಾರದು ಎಂದು ಕೇಳಿ ಏನೂ ತಿಳಿಯುವುದಿಲ್ಲ. ಕೇಳಬೇಕಾದ ಪ್ರಶ್ನೆಗಳು ಎರಡು: ಮಗ್ಗದ ಮೇಲಿರುವ ನೂಲು ಯಾರದು? ನೇಯ್ದ ಬಟ್ಟೆಯನ್ನು ಕೊಳ್ಳಲು ಎಷ್ಟು ಮಂದಿಗೆ ಹಕ್ಕಿದೆ? ಇವೆರಡಕ್ಕೆ ಉತ್ತರ ಸಿಕ್ಕರೆ, ಲಾಭ ಯಾರ ಕೈ ಸೇರಿತು ಎಂಬುದು ಹೆಚ್ಚುಕಡಿಮೆ ತಿಳಿದಂತೆಯೇ.

ನೂಲಿನ ಒಡೆತನ ಇಷ್ಟು ಮುಖ್ಯವಾಗಿದ್ದು ಏಕೆ ಎಂಬುದು ಒಂದು ಬಟ್ಟೆಯ ಹಿಂದೆ ಹೆಜ್ಜೆ ಹೆಜ್ಜೆಗೂ ನಡೆದರೆ ಗೊತ್ತಾಗುತ್ತದೆ. ಇಂಗ್ಲೆಂಡಿನ ಪಶ್ಚಿಮ ಭಾಗದ ವಿಲ್ಟ್‌ಷೈರ್, ಗ್ಲಾಸ್ಟರ್‌ಷೈರ್, ಸಾಮರ್ಸೆಟ್ ಜಿಲ್ಲೆಗಳ ಬ್ರಾಡ್‌ಕ್ಲಾತ್ ಎಂಬ ದಪ್ಪ ಉಣ್ಣೆ ಬಟ್ಟೆಯನ್ನು ತೆಗೆದುಕೊಳ್ಳೋಣ. ಅಲ್ಲಿ ಕ್ಲಾಥಿಯರ್ ಎಂದರೆ ದೊಡ್ಡ ವರ್ತಕ. ಅವನು ಉಣ್ಣೆ ಕೊಂಡು, ಎಳೆಯ ಉದ್ದ ಮತ್ತು ನಯ ನೋಡಿ ಬೇರೆ ಮಾಡಿಸುತ್ತಾನೆ. ಕುರಿಯ ಮೈಯ ಜಿಡ್ಡು ಬಿಡಬೇಕಾದರೆ ಬರಿ ನೀರು ಸಾಲದು. ಹಲವು ದಿನ ಇಟ್ಟು ಹಳಸಿದ ಮೂತ್ರವನ್ನು ನೀರಿಗೆ ಬೆರೆಸಿ ತೊಳೆಯುತ್ತಿದ್ದರು, ಅದರ ಅಮೋನಿಯಾ ಜಿಡ್ಡನ್ನು ಕರಗಿಸುತ್ತಿತ್ತು. ಒಣಗಿದ ಉಣ್ಣೆ ಗರಿಗರಿಯಾಗಿ ತುಂಡಾಗುತ್ತದೆ. ಹಾಗಾಗಿ ಎಣ್ಣೆ ಹಚ್ಚಿ, ತಂತಿಯ ಹಲ್ಲಿರುವ ಎರಡು ಹಲಗೆಗಳ ನಡುವೆ ಹಿಂಜಿ, ನೂಲುವ ಹೆಂಗಸರಿಗೆ ತೂಕ ಹಾಕಿ ಕೊಡುತ್ತಿದ್ದರು. ಅವರು ದೊಡ್ಡ ರಾಟೆಯ ಮುಂದೆ ನಿಂತು, ಹಿಂದೆ ಮುಂದೆ ನಡೆದಾಡುತ್ತಲೇ ನೂಲುವವರು.

ಒಂದು ಮಗ್ಗ ನಿಲ್ಲದೆ ಓಡಬೇಕಾದರೆ, ಬಟ್ಟೆಯ ನಯ ನೋಡಿಕೊಂಡು ನಾಲ್ಕರಿಂದ ಹತ್ತು ಜನ ನೂಲುವವರು ಬೇಕಿತ್ತು. ಇಡೀ ಕಸುಬಿನ ಲೆಕ್ಕಾಚಾರ ನಿಂತಿದ್ದು ಇದರ ಮೇಲೆ. ನೇಕಾರರು ಒಂದೇ ಹಳ್ಳಿಯಲ್ಲಿ ಸಿಗಬಹುದು, ಆದರೆ ಅವರಿಗೆ ಬೇಕಾಗುವಷ್ಟು ನೂಲು ಆ ಹಳ್ಳಿಯಲ್ಲಿ ಹುಟ್ಟುವುದಿಲ್ಲ. ಆದ್ದರಿಂದ ವರ್ತಕನ ಆಳುಗಳು ಉಣ್ಣೆಯನ್ನು ಕುದುರೆಯ ಮೇಲೆ ಹೇರಿಕೊಂಡು ಹತ್ತಾರು ಮೈಲಿ ಸುತ್ತಿ ಮನೆಮನೆಗೆ ಹಂಚಬೇಕಿತ್ತು, ಮತ್ತೆ ಸುತ್ತಿ ನೂಲು ಕೂಡಿಸಿ ತರಬೇಕಿತ್ತು. ಕೊಯ್ಲಿನ ತಿಂಗಳಲ್ಲಿ ಹೊಲದ ಕೂಲಿ ಹೆಚ್ಚು ಸಿಗುವುದರಿಂದ ಹೆಂಗಸರು ರಾಟೆ ಬಿಟ್ಟು ಹೋಗುತ್ತಿದ್ದರು, ನೂಲಿಲ್ಲದೆ ಮಗ್ಗಗಳು ಖಾಲಿ ನಿಲ್ಲುತ್ತಿದ್ದವು.

ನೂಲು ಬಂದ ಮೇಲೆ ಹಾಸು ಹೂಡಿ, ಅಂಟು ಗಂಜಿ ಹಚ್ಚಿ, ನೇಯಲು ಕೊಡುವುದು. ಬ್ರಾಡ್‌ಕ್ಲಾತ್ ಮಗ್ಗದ ಅಗಲ ಎರಡು ಮೀಟರಿಗೂ ಹೆಚ್ಚು. ಒಬ್ಬನ ಕೈಗೆ ಎಟುಕದಾದ್ದರಿಂದ ಇಬ್ಬರು ಪಕ್ಕಪಕ್ಕ ಕೂತು ಲಾಳಿಯನ್ನು ಒಬ್ಬರಿಂದೊಬ್ಬರಿಗೆ ಎಸೆಯುತ್ತಿದ್ದರು, ಕಂಡಿಕೆ ಸುತ್ತಲು ಒಂದು ಮಗು. 1733ರಲ್ಲಿ ಜಾನ್ ಕೇ ಪೇಟೆಂಟ್ ಪಡೆದ ಹಾರುವ ಲಾಳಿಯಿಂದ ಆ ಎರಡನೆಯ ಆಳು ಬೇಡವಾದ. ಆದರೆ ನೇಯ್ಗೆಯ ವೇಗ ಹೆಚ್ಚಿದಷ್ಟೂ ನೂಲಿನ ಬರ ಇನ್ನಷ್ಟು ಬಿಗಿಯಾಯಿತು.

ಮಗ್ಗದಿಂದ ಇಳಿದಾಗ ಅದು ಎಣ್ಣೆ ಮೆತ್ತಿದ, ಸಡಿಲ ನೇಯ್ಗೆಯ ಗೋಣಿಯಂಥ ವಸ್ತು. ಹೊಳೆಯ ನೀರಿನಿಂದ ಓಡುವ ಗಿರಣಿಯಲ್ಲಿ, ಜಿಡ್ಡು ಹೀರುವ ಜೇಡಿಮಣ್ಣು ಹಾಕಿ, ಮರದ ಸುತ್ತಿಗೆಗಳಿಂದ ಗಂಟೆಗಟ್ಟಲೆ ಕುಟ್ಟಿಸಿದಾಗ ಎಳೆಗಳು ಒಂದಕ್ಕೊಂದು ಹೆಣೆದು ಬಟ್ಟೆ ಬಿಗಿಯಾಗುತ್ತದೆ, ಅಗಲದಲ್ಲಿ ಮೂರರಲ್ಲೊಂದು ಪಾಲು ಕುಗ್ಗುತ್ತದೆ. ಆಮೇಲೆ ಬಯಲಿನಲ್ಲಿ ಸಾಲಾಗಿ ನೆಟ್ಟ ಚೌಕಟ್ಟಿನ ಕೊಕ್ಕೆಗಳಿಗೆ ಸಿಕ್ಕಿಸಿ ಎಳೆದು ಒಣಗಿಸುತ್ತಿದ್ದರು. ಅತಿಯಾಗಿ ಎಳೆದರೆ ಬಟ್ಟೆ ಕೆಲವು ಗಜ ಉದ್ದವಾಗುತ್ತದೆ, ಮೊದಲ ಮಳೆಗೆ ಮತ್ತೆ ಕುಗ್ಗುತ್ತದೆ. ಈ ಮೋಸದ ವಿರುದ್ಧ ಕಾಯಿದೆಯ ಮೇಲೆ ಕಾಯಿದೆ ಬಂದವು. ಕೊನೆಗೆ ಮುಳ್ಳುಕಾಯಿಯಿಂದ ಉಜ್ಜಿ ನವಿರು ಎಬ್ಬಿಸಿ, ಭಾರಿ ಕತ್ತರಿಯಿಂದ ಸಮವಾಗಿ ಕತ್ತರಿಸಿ, ಲಂಡನ್ನಿನ ಬ್ಲ್ಯಾಕ್‌ವೆಲ್ ಹಾಲ್ ಎಂಬ ಜವಳಿ ಮಾರುಕಟ್ಟೆಗೆ ಕಳಿಸುವುದು. ಬಹಳಷ್ಟು ಬಟ್ಟೆ ಬಣ್ಣ ಕಾಣದೆಯೇ ಹೊರದೇಶಕ್ಕೆ ಹೋಗುತ್ತಿತ್ತು.

ಇಷ್ಟೂ ಹಂತಗಳಲ್ಲಿ ಮಗ್ಗದ ಬೆಲೆ ಅಲ್ಪ. ಹಣ ತಿನ್ನುತ್ತಿದ್ದುದು ಉಣ್ಣೆ ಮತ್ತು ಕಾಯುವಿಕೆ. ಉಣ್ಣೆ ಕೊಂಡ ದಿನದಿಂದ ಬಟ್ಟೆ ಮಾರಿದ ಹಣ ಕೈಗೆ ಬರುವವರೆಗೆ ಹಲವು ತಿಂಗಳು ಕಳೆಯುತ್ತಿದ್ದವು, ಸಾಲದ ಮೇಲೆ ಮಾರಿದ್ದರೆ ಇನ್ನೂ ಹೆಚ್ಚು. ಅಷ್ಟು ಕಾಲ ಕಾಯಬಲ್ಲವನು ಮಾಲಿನ ಒಡೆಯನಾದ. ನೇಕಾರನಿಗೆ ವಾರದ ರೊಟ್ಟಿಯ ಚಿಂತೆ. ಮಗ್ಗ ಇದ್ದರೂ ಅವನು ಕೂಲಿಯಾದದ್ದು ಹೀಗೆ.

ವರ್ತಕನ ಮಾಲು ನೂರಾರು ಮನೆಗಳಲ್ಲಿ ಹರಡಿ ಕೂತಾಗ ಏನು ಕೆಡುತ್ತದೆ? ತೂಕ, ಅಳತೆ. ನೂಲುವವಳು ಒಂದಿಷ್ಟು ಉಣ್ಣೆ ಉಳಿಸಿಕೊಂಡು, ನೂಲಿಗೆ ತೇವವೋ ಎಣ್ಣೆಯೋ ಹಿಡಿಸಿ ತೂಕ ಸರಿಮಾಡುತ್ತಾಳೆ. ಲಡಿಯಲ್ಲಿ ಸುತ್ತು ಕಡಿಮೆ ಹಾಕುತ್ತಾಳೆ. ಹಾಸಿನ ಕೊನೆಯಲ್ಲಿ ಮಗ್ಗಕ್ಕೆ ಉಳಿಯುವ ಎಳೆತುಂಡುಗಳು ತನ್ನ ವಾಡಿಕೆಯ ಹಕ್ಕು ಎನ್ನುತ್ತಾನೆ ನೇಕಾರ, ವರ್ತಕನಿಗೆ ಅದು ಕಳವು. ವರ್ತಕನೂ ಸಾಧುವಲ್ಲ. ಉಣ್ಣೆ ಕೊಡುವಾಗಿನ ತೂಕದ ಕಲ್ಲನ್ನೇ ಬದಲಿಸುವುದು, ಅದೇ ಮಜೂರಿಗೆ ಹಾಸಿನ ಉದ್ದ ಹೆಚ್ಚಿಸುವುದು, ದುಡ್ಡಿನ ಬದಲು ತನ್ನ ಅಂಗಡಿಯ ಸಾಮಾನು ಕೊಡುವುದು ಎಲ್ಲವೂ ನಡೆಯುತ್ತಿತ್ತು. ಜವಳಿ ಕೆಲಸದವರಿಗೆ ಗುಂಡುಸೂಜಿ, ನಡುಪಟ್ಟಿಗಳ ಬದಲು ನಾಣ್ಯದಲ್ಲೇ ಕೂಲಿ ಕೊಡಬೇಕೆಂದು ಇಂಗ್ಲೆಂಡಿನಲ್ಲಿ 1464ರಷ್ಟು ಹಿಂದೆಯೇ ಕಾಯಿದೆ ಆಯಿತು. ಅದೇ ದೂರು ಹದಿನೆಂಟನೇ ಶತಮಾನದಲ್ಲೂ ಕೇಳಿಬರುತ್ತದೆ ಎಂದಮೇಲೆ ಕಾಯಿದೆ ಎಷ್ಟರಮಟ್ಟಿಗೆ ನಡೆಯಿತು ಎಂದು ಬೇರೆ ಹೇಳಬೇಕಿಲ್ಲ. 1726ರ ಕೊನೆಯಲ್ಲಿ ವಿಲ್ಟ್‌ಷೈರ್ ಮತ್ತು ಸಾಮರ್ಸೆಟ್ ನೇಕಾರರು ದಂಗೆ ಎದ್ದಾಗ ಅವರ ದೊಡ್ಡ ಆಪಾದನೆಗಳಲ್ಲಿ ಒಂದು, ಹಾಸು ಹೂಡುವ ಅಳತೆಯನ್ನೇ ಕ್ಲಾಥಿಯರ್‌ಗಳು ಉದ್ದ ಮಾಡಿದ್ದಾರೆ ಎಂಬುದು. ಇನ್ನೊಂದು ಕಡೆಯಿಂದ, 1777ರ ಕಾಯಿದೆಯಡಿ ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್, ಲ್ಯಾಂಕಷೈರ್, ಚೆಷೈರ್‌ಗಳ ವರ್ತಕರು ಸಮಿತಿ ಮಾಡಿಕೊಂಡು, ನೂಲು ಕಳವು ಹಿಡಿಯಲು ತಮ್ಮದೇ ಇನ್‌ಸ್ಪೆಕ್ಟರ್‌ಗಳನ್ನು ನೇಮಿಸಿದರು.

'ಅನ್ನ ಕೊಟ್ಟವನೋ ರಕ್ತ ಹೀರಿದವನೋ' ಎಂಬ ಪ್ರಶ್ನೆಗೆ ಇಲ್ಲೇ ಒಂದು ಸಾಕ್ಷಿಯನ್ನು ಸೇರಿಸುತ್ತೇನೆ. ಲಂಡನ್ನಿನಿಂದ 1614ರಲ್ಲಿ ಸುಮಾರು 1,27,000 ಬ್ರಾಡ್‌ಕ್ಲಾತ್ ಥಾನುಗಳು ರಫ್ತಾದವು. ಬಣ್ಣ ಹಾಕದ ಬಟ್ಟೆ ಹೊರಗೆ ಹೋಗಬಾರದು, ಬಣ್ಣದ ಲಾಭವೂ ಇಲ್ಲೇ ಉಳಿಯಲಿ ಎಂದು ಸರ್ಕಾರ ಕೊಕೇನ್ ಎಂಬ ಲಂಡನ್ ವರ್ತಕನ ಮಾತು ಕೇಳಿ ನಿಷೇಧ ಹಾಕಿತು. ಡಚ್ಚರು ತಿರುಗಿಬಿದ್ದು ಇಂಗ್ಲಿಷ್ ಬಣ್ಣದ ಬಟ್ಟೆಯನ್ನೇ ಬೇಡವೆಂದರು. 1617ಕ್ಕೆ ಯೋಜನೆ ಕುಸಿಯಿತು. ಅದರ ಬೆನ್ನಿಗೇ ಮೂವತ್ತು ವರ್ಷಗಳ ಯುದ್ಧ, ಜರ್ಮನ್ ಮತ್ತು ಪೋಲಿಷ್ ಸೀಮೆಗಳಲ್ಲಿ ನಾಣ್ಯದ ಬೆಳ್ಳಿ ಕದ್ದು ಮೌಲ್ಯ ಇಳಿಸಿದ ಗಲಿಬಿಲಿ. 1622ಕ್ಕೆ ರಫ್ತು ಸುಮಾರು 76,000ಕ್ಕೆ ಇಳಿಯಿತು. ವರ್ತಕರು ಉಣ್ಣೆ ಹಂಚುವುದನ್ನೇ ನಿಲ್ಲಿಸಿದರು. ಅವರ ಬಂಡವಾಳ ಕಟ್ಟಡದಲ್ಲಿ ಹೂತಿರಲಿಲ್ಲವಾದ್ದರಿಂದ ನಿಲ್ಲಿಸುವುದು ಸುಲಭವಿತ್ತು. ಹೊಡೆತ ಪೂರ್ತಿ ಬಿದ್ದದ್ದು ನೂಲುವ, ನೇಯುವ ಮನೆಗಳ ಮೇಲೆ. ನಷ್ಟವಾದರೂ ಕೆಲಸ ಕೊಡಿ ಎಂದು ಅರಸನ ಮಂತ್ರಿಮಂಡಲ ಆ ವರ್ಷ ಕ್ಲಾಥಿಯರ್‌ಗಳಿಗೆ ಆದೇಶವನ್ನೇ ಹೊರಡಿಸಬೇಕಾಯಿತು. ವರ್ತಕನ ಸ್ವಭಾವ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಬಿಟ್ಟು, ಪೇಟೆ ಕುಸಿದಾಗ ನಷ್ಟ ಯಾರ ತಲೆಗೆ ಬಂತು ಎಂದು ನೋಡಿದರೆ ನಿಮ್ಮ ಪ್ರಬಂಧಕ್ಕೆ ಗಟ್ಟಿ ನೆಲ ಸಿಗುತ್ತದೆ.

ಇನ್ನು ಪಠ್ಯದ ಕತೆಯಲ್ಲಿ ಎಷ್ಟು ನಿಜ, ಎಷ್ಟು ರೂಢಿ ಎಂಬುದನ್ನು ನೋಡೋಣ.

ಗಿಲ್ಡ್ ತಪ್ಪಿಸಿಕೊಳ್ಳಲು ಹಳ್ಳಿಗೆ ಬಂದರು ಎಂಬುದು ಅರ್ಧ ಸತ್ಯ. ಇಂಗ್ಲೆಂಡಿನಲ್ಲಿ ಪೇಟೆಯ ಕಸುಬುದಾರರು ಹಳ್ಳಿಯನ್ನು ಕಟ್ಟಿಹಾಕಲು ಯತ್ನಿಸಿದ್ದು ನಿಜ: 1555ರ ಕಾಯಿದೆ ಪೇಟೆಯಾಚೆಯ ಕ್ಲಾಥಿಯರ್‌ಗೆ ಒಂದೇ ಮಗ್ಗ, ನೇಕಾರನಿಗೆ ಎರಡೇ ಮಗ್ಗ ಎಂದು ಮಿತಿ ಹಾಕಿತ್ತು. ಆದರೆ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್‌ನಲ್ಲಿ ಗಿಲ್ಡ್ ಹಳ್ಳಿಯೊಳಗೇ ಇತ್ತು. ಹಳ್ಳಿ ನೇಕಾರರೇ ಅದರ ಸದಸ್ಯರು. ವರ್ತಕರನ್ನು ಹಳ್ಳಿಗೆ ಎಳೆದದ್ದು ಮುಖ್ಯವಾಗಿ ಅಗ್ಗದ ಕೂಲಿ. ತುಂಡು ಭೂಮಿ, ಒಂದು ಹಸು, ಊರ ಗೋಮಾಳದಲ್ಲಿ ಮೇಯಿಸುವ ಹಕ್ಕು ಇದ್ದ ಮನೆ ಪೇಟೆಯವನಿಗಿಂತ ಕಡಿಮೆ ಮಜೂರಿಗೆ ಒಪ್ಪಬಲ್ಲದು. ಹೊಟ್ಟೆಯ ಅರ್ಧ ಭಾಗ ಹೊಲದಿಂದ ತುಂಬುತ್ತದಲ್ಲ. ಗುಡ್ಡಗಾಡು, ಸಾರವಿಲ್ಲದ ನೆಲ, ಮಕ್ಕಳಿಗೆಲ್ಲ ಪಾಲು ಹಂಚಿ ಚೂರಾದ ಹಿಡುವಳಿ ಇದ್ದ ಕಡೆಗಳಲ್ಲಿ ಕಸುಬು ಚೆನ್ನಾಗಿ ಬೇರುಬಿಟ್ಟಿತು. ಅಟ್ಲಾಂಟಿಕ್‌ನಾಚೆ ಹೊಸ ಗಿರಾಕಿ ಹುಟ್ಟಿದ್ದೂ ಒಂದು ಕಾರಣ: ಜರ್ಮನಿಯ ಓಸ್ನಾಬ್ರುಕ್ ಸೀಮೆಯ ಒರಟು ಲಿನನ್ ಅಮೆರಿಕದ ತೋಟಗಳಲ್ಲಿ ಗುಲಾಮರ ಮೈಮೇಲಿನ ಬಟ್ಟೆಯಾಯಿತು.

'ಬಿಡುವಿನ ವೇಳೆಯ ಕೆಲಸ' ಎಂಬುದು ಲಿನನ್‌ಗೆ ಸ್ವಲ್ಪ ಒಪ್ಪುತ್ತದೆ. ಅಗಸೆಯನ್ನು ವಸಂತದಲ್ಲಿ ಬಿತ್ತಿ, ಬೇಸಿಗೆಯ ಕೊನೆಗೆ ಬೇರುಸಹಿತ ಕಿತ್ತು, ನೀರಿನಲ್ಲಿ ಕೊಳೆಯಿಸಿ, ಬಡಿದು, ಮುಳ್ಳು ಹಣಿಗೆಯಲ್ಲಿ ಬಾಚಿ ನಾರು ತೆಗೆದು, ಚಳಿಗಾಲದಲ್ಲಿ ನೂಲಿ ನೇಯುತ್ತಿದ್ದರು. ಹುಲ್ಲಿನ ಮೇಲೆ ಹಾಸಿ, ಬೂದಿನೀರು ಮತ್ತು ಮಜ್ಜಿಗೆಯಲ್ಲಿ ಮತ್ತೆ ಮತ್ತೆ ಅದ್ದಿ ಬಿಳಿ ಮಾಡುವುದಕ್ಕೆ ತಿಂಗಳುಗಳೇ ಬೇಕು, ಅದು ಬೇಸಿಗೆಯ ಕೆಲಸ. (ಮಜ್ಜಿಗೆಯ ಹುಳಿ ಮಾಡುತ್ತಿದ್ದ ಕೆಲಸವನ್ನು 1750ರ ದಶಕದಿಂದ ತೆಳು ಗಂಧಕಾಮ್ಲ ಬೇಗ ಮುಗಿಸತೊಡಗಿತು.) ಉಣ್ಣೆಯ ವಿಷಯ ಹಾಗಲ್ಲ. ಹೆಂಗಸರು, ಮಕ್ಕಳು ವರ್ಷವಿಡೀ ನೂಲುತ್ತಿದ್ದರು. 'ರೈತನ ಬಿಡುವು' ಎಂದು ಬರೆದಾಗಲೆಲ್ಲ ಆ ರೈತನ ಹೆಂಡತಿಗೆ ಬಿಡುವಿತ್ತೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಮದುವೆ, ಮರಣ ದಾಖಲೆಗಳಲ್ಲಿ ಗಂಡಸಿನ ಕಸುಬನ್ನಷ್ಟೇ ಬರೆಯುತ್ತಿದ್ದುದರಿಂದ ಈ ಕಸುಬಿನ ಅತಿ ದೊಡ್ಡ ಪಡೆ ಕಾಗದದಲ್ಲಿ ಕಾಣುವುದೇ ಇಲ್ಲ.

'ಅದೇ ಕಾರ್ಖಾನೆಯಾಯಿತು' ಎಂಬುದು ಮೂರರಲ್ಲಿ ಅತ್ಯಂತ ದುರ್ಬಲ ಮಾತು. 1972ರಲ್ಲಿ ಇತಿಹಾಸಕಾರ ಫ್ರಾಂಕ್ಲಿನ್ ಮೆಂಡೆಲ್ಸ್ ಇಂದಿನ ಬೆಲ್ಜಿಯಂನ ಫ್ಲ್ಯಾಂಡರ್ಸ್‌ನ ಲಿನನ್ ಹಳ್ಳಿಗಳನ್ನು ಆಧರಿಸಿ ಇದನ್ನು ಕೈಗಾರಿಕೀಕರಣದ ಮೊದಲ ಹಂತವೆಂದು ಕರೆದ ಮೇಲೆ ಈ ಮಾತಿಗೆ ಬಲ ಬಂತು. ಲಿನನ್ ಬೆಲೆ ಏರಿದ ವರ್ಷಗಳಲ್ಲಿ ಮದುವೆಗಳು ಹೆಚ್ಚಿದ್ದನ್ನು ಅವರು ತೋರಿಸಿದ್ದರು. ಆದರೆ ಅದೇ ಫ್ಲ್ಯಾಂಡರ್ಸ್ ಹಳ್ಳಿಗಳು 1840ರ ದಶಕದಲ್ಲಿ ಯಂತ್ರದ ನೂಲು ಮತ್ತು ಆಲೂಗಡ್ಡೆ ರೋಗದ ನಡುವೆ ಸಿಕ್ಕಿ ಹಸಿವಿಗೆ ಬಿದ್ದವು. ಇಂದು ಬಹುಪಾಲು ಪೋಲೆಂಡಿನಲ್ಲಿರುವ ಸೈಲೀಷಿಯಾದಲ್ಲಿ ಬಹಳಷ್ಟು ಲಿನನ್ ನೇಕಾರರು ಜಮೀನ್ದಾರನ ಅಡಿಯಾಳುಗಳು, ಮಗ್ಗ ಹೂಡಿದ್ದಕ್ಕೆ ಅವನಿಗೆ ತೆರಿಗೆ ಕೊಡಬೇಕಿತ್ತು. ಅಲ್ಲಿನ ಕತೆ 1844ರ ನೇಕಾರ ದಂಗೆಗೆ ಹೋಗಿ ಮುಟ್ಟಿತು. ಇಂಗ್ಲೆಂಡಿನ ಪಶ್ಚಿಮ ಭಾಗ, ಅಷ್ಟು ಹಳೆಯ ಜವಳಿ ಸೀಮೆ, ಹತ್ತೊಂಬತ್ತನೇ ಶತಮಾನದಲ್ಲಿ ಯಾರ್ಕ್‌ಷೈರ್‌ನ ಮುಂದೆ ಸೊರಗಿತು.

ಯಾರ್ಕ್‌ಷೈರ್ ಬೇರೆಯಾಗಿದ್ದು ಹೇಗೆ? ಅಲ್ಲಿನ ಹ್ಯಾಲಿಫ್ಯಾಕ್ಸ್ ಸೀಮೆಯ ನೇಕಾರರು ಉಣ್ಣೆಯನ್ನು ತಾವೇ ಚೂರುಪಾರು ಕೊಳ್ಳುತ್ತಿದ್ದರು. 1555ರಲ್ಲಿ ಅವರಿಗಾಗಿಯೇ ಒಂದು ವಿಶೇಷ ಕಾಯಿದೆ ಬಂತು. ಕುದುರೆ ಇಡಲು ಶಕ್ತಿಯಿಲ್ಲದ ಬಡವರು ಉಣ್ಣೆ ಕೊಂಡು ಮೂರರಿಂದ ಆರು ಮೈಲಿ ತಲೆ, ಬೆನ್ನ ಮೇಲೆ ಹೊತ್ತು ಒಯ್ಯುತ್ತಾರೆ, ಅವರಿಗೆ ಸಣ್ಣ ಪ್ರಮಾಣದಲ್ಲಿ ಮಾರುವ ದಲ್ಲಾಳಿಗಳು ಬೇಕು ಎಂದು ಕಾಯಿದೆಯಲ್ಲೇ ಬರೆದಿದೆ. ನೋಡಿ, ನಾವು ಸಾಮಾನ್ಯವಾಗಿ ಬೈಯುವ ದಲ್ಲಾಳಿ ಇಲ್ಲಿ ನೇಕಾರನ ಸ್ವಾತಂತ್ರ್ಯವನ್ನು ಉಳಿಸಿದ. ಎರಡು ದಿನಕ್ಕಾಗುವಷ್ಟು ಉಣ್ಣೆ ಚಿಲ್ಲರೆಯಾಗಿ ಸಿಕ್ಕರೆ ವರ್ತಕನ ಮುಂಗಡಕ್ಕೆ ಕೈಚಾಚಬೇಕಿಲ್ಲ. ಬಟ್ಟೆ ಮಾರಲು ಲೀಡ್ಸ್‌ನ ಸಂತೆ. 1720ರ ದಶಕದಲ್ಲಿ ಆ ಕಡೆಯ ವಿವರ ಬರೆದ ಡೇನಿಯಲ್ ಡಿಫೋ ಪ್ರಕಾರ ಬೆಳಿಗ್ಗೆ ಗಂಟೆ ಬಾರಿಸುತ್ತಲೇ ಹಲಗೆಗಳ ಮೇಲೆ ಬಟ್ಟೆ ಹರಡುತ್ತಿದ್ದರು. ಪಕ್ಕದವನಿಗೆ ಬೆಲೆ ಕೇಳದಂತೆ ಪಿಸುಮಾತಿನಲ್ಲೇ ವ್ಯಾಪಾರ ಕುದುರುತ್ತಿತ್ತು. ಹತ್ತಾರು ಕೊಳ್ಳುವವರು ಒಂದೇ ಕಡೆ ಸೇರಿದಾಗ ನೇಕಾರನಿಗೆ 'ಒಲ್ಲೆ' ಎನ್ನುವ ಶಕ್ತಿ ಬರುತ್ತದೆ. 1779ರ ಜನವರಿ 1ರಂದು ತೆರೆದ ಹ್ಯಾಲಿಫ್ಯಾಕ್ಸ್‌ನ ಪೀಸ್ ಹಾಲ್‌ನಲ್ಲಿ ಬಟ್ಟೆ ಮಾರುವವರಿಗೆಂದೇ ಮುನ್ನೂರಕ್ಕೂ ಹೆಚ್ಚು ಕೋಣೆಗಳಿದ್ದವು. ಮುಂದೆ ಯಂತ್ರಗಳು ಬಂದಾಗ ಇಂಥ ಸಣ್ಣ ನೇಕಾರರು ಪಾಲು ಹಾಕಿ, ಉಣ್ಣೆ ಹಿಂಜುವ ಮತ್ತು ಬಟ್ಟೆ ಕುಟ್ಟುವ ಗಿರಣಿಗಳನ್ನು ಒಟ್ಟಾಗಿ ಕಟ್ಟಿದರು. ನೂಲು, ನೇಯ್ಗೆ ಮಾತ್ರ ಮನೆಯಲ್ಲೇ ಇನ್ನೂ ಕೆಲವು ದಶಕ ನಡೆಯಿತು.

ಇದರ ತದ್ವಿರುದ್ಧ ತುದಿ ವುರ್ಟೆಂಬರ್ಗ್‌ನ ಕಾಲ್ವ್ ಪಟ್ಟಣ. ಕಪ್ಪು ಕಾಡು ಎಂದು ಹೆಸರಾದ ಗುಡ್ಡಸಾಲಿನ ಈ ಊರು ದಕ್ಷಿಣ ಭಾರತದವರಿಗೆ ಪೂರ್ತಿ ಅಪರಿಚಿತವಲ್ಲ: ಬಾಸೆಲ್ ಮಿಶನ್ನಿನ ಹರ್ಮನ್ ಗುಂಡರ್ಟ್, ಮಲಯಾಳಂ ನಿಘಂಟು ಮಾಡಿದವರು, ಕೊನೆಯ ದಶಕಗಳನ್ನು ಕಳೆದದ್ದು ಇಲ್ಲಿ. ಅದಕ್ಕೆ ಎರಡು ಶತಮಾನ ಹಿಂದೆ, 1650ರಲ್ಲಿ, ಇಲ್ಲಿನ ವರ್ತಕರೂ ಬಣ್ಣಗಾರರೂ ಸೇರಿ ಒಂದು ಕಂಪನಿ ಕಟ್ಟಿ, ಸುತ್ತಲಿನ ಹಳ್ಳಿಗಳ ತೆಳು ಉಣ್ಣೆ ಬಟ್ಟೆಯನ್ನು ಕೊಳ್ಳುವ ಏಕಸ್ವಾಮ್ಯವನ್ನು ಸಂಸ್ಥಾನದಿಂದ ಪಡೆದರು. ನೇಕಾರ ಬೇರೆಯವರಿಗೆ ಮಾರುವಂತಿಲ್ಲ. ಬೆಲೆ ನಿಗದಿ, ಎಷ್ಟು ಥಾನು ಎಂಬುದೂ ನಿಗದಿ. ನೇಕಾರ ಉಣ್ಣೆಯನ್ನು ತಾನೇ ಕೊಳ್ಳುತ್ತಿದ್ದ, ಹೆಸರಿಗೆ ಸ್ವತಂತ್ರ. ಕೊಳ್ಳುವವನು ಒಬ್ಬನೇ ಆದಾಗ ಆ ಸ್ವಾತಂತ್ರ್ಯಕ್ಕೆ ಬೆಲೆ ಎಷ್ಟು?

ಆದರೆ ನೇಕಾರನನ್ನು ಬರೀ ಬಲಿಪಶು ಮಾಡಿ ಬರೆಯಬೇಡಿ. ಅವನ ಗಿಲ್ಡ್ ಹೊಸಬರನ್ನು ಹೊರಗಿಟ್ಟಿತು, ಹೆಂಗಸರು ಸ್ವತಂತ್ರವಾಗಿ ನೇಯದಂತೆ ತಡೆಯಿತು. ನೂಲಿಗೆ ಗರಿಷ್ಠ ಬೆಲೆ ಕಟ್ಟಿಸಿದ್ದರಿಂದ ಕಂಪನಿ ನೇಕಾರನ ಮೇಲೆ ಹಾಕಿದ ಭಾರವನ್ನು ಅವನು ನೂಲುವವಳ ಮೇಲೆ ಇಳಿಸಬಲ್ಲವನಾಗಿದ್ದ. ಮದುವೆಯಾಗದೆ, ರಾಟೆ ನಂಬಿ ಒಂಟಿಯಾಗಿ ಬದುಕುತ್ತಿದ್ದ ಹೆಂಗಸರನ್ನು ಊರಿನವರು ಯಾರದಾದರೂ ಮನೆಯಲ್ಲಿ ಆಳಾಗಿ ಸೇರಿಕೋ ಎಂದು ಒತ್ತಾಯಿಸಿದ ದಾಖಲೆಗಳಿವೆ. ಕಂಪನಿ 1797ರಲ್ಲಿ ಮುಚ್ಚಿತು. ನೂರೈವತ್ತು ವರ್ಷದ ಈ ಕಸುಬಿನಿಂದ ಅಲ್ಲಿ ಕೈಗಾರಿಕಾ ಕ್ರಾಂತಿಯೇನೂ ಚಿಗುರಲಿಲ್ಲ. ವುರ್ಟೆಂಬರ್ಗ್ ಕಾರ್ಖಾನೆಗಳನ್ನು ಕಂಡದ್ದು ಬಹಳ ತಡವಾಗಿ. ನನ್ನ ಮಟ್ಟಿಗೆ ಹೇಳುವುದಾದರೆ, ಪಠ್ಯದ ಕತೆಯನ್ನು ಅಲ್ಲಾಡಿಸಲು ಕಾಲ್ವ್‌ಗಿಂತ ಒಳ್ಳೆಯ ಉದಾಹರಣೆಯಿಲ್ಲ.

ಹಾಗಾದರೆ ಯಾವುದನ್ನು ಹಿಡಿಯಬೇಕು? ಪಶ್ಚಿಮ ಇಂಗ್ಲೆಂಡ್ ಮತ್ತು ಯಾರ್ಕ್‌ಷೈರ್‌ಗಳ ಹೋಲಿಕೆ ನಿಮಗೆ ಅತ್ಯಂತ ಸುಲಭದ ದಾರಿ. ಮುದ್ರಿತ ದಾಖಲೆ ಹೇರಳ, ಇಂಗ್ಲಿಷಿನಲ್ಲೇ ಇದೆ. ಅಪಾಯ ಏನೆಂದರೆ, ಗೆದ್ದವರು ಯಾರೆಂದು ಮೊದಲೇ ಗೊತ್ತಿರುವುದರಿಂದ 'ಸಣ್ಣ ಸ್ವತಂತ್ರ ನೇಕಾರರಿದ್ದ ಕಡೆ ಕಾರ್ಖಾನೆ ಹುಟ್ಟಿತು' ಎಂದು ಬರೆದುಬಿಡುತ್ತೀರಿ. ಯಾರ್ಕ್‌ಷೈರ್‌ನೊಳಗೇ ವೂಲನ್ ಮತ್ತು ವರ್ಸ್ಟೆಡ್ ಎಂಬ ಎರಡು ಲೋಕಗಳಿದ್ದವು. ಲೀಡ್ಸ್ ಸುತ್ತಿನ ವೂಲನ್ ಸಣ್ಣ ನೇಕಾರರದು. ಹ್ಯಾಲಿಫ್ಯಾಕ್ಸ್, ಬ್ರಾಡ್‌ಫರ್ಡ್ ಕಡೆ ಹದಿನೆಂಟನೇ ಶತಮಾನದಲ್ಲಿ ಬೆಳೆದ, ಉದ್ದ ಎಳೆಯನ್ನು ಬಾಚಿ ಮಾಡುವ ವರ್ಸ್ಟೆಡ್ ಪೂರ್ತಿ ದೊಡ್ಡ ವರ್ತಕರ ಮಾಲು. ನೂಲು, ನೇಯ್ಗೆ ಮೊದಲು ಕಾರ್ಖಾನೆಗೆ ಹೋದದ್ದು ಈ ಎರಡನೆಯದರಲ್ಲಿ. ಆ ವ್ಯತ್ಯಾಸ ತಪ್ಪಿದರೆ ಪ್ರಬಂಧದ ಬುಡವೇ ಸಡಿಲವಾಗುತ್ತದೆ.

ಕಾಲ್ವ್ ಹಿಡಿದರೆ ವಾದ ಹರಿತವಾಗುತ್ತದೆ, ಆದರೆ ಮೂಲ ದಾಖಲೆಗಳೆಲ್ಲ ಜರ್ಮನ್. ಇಂಗ್ಲಿಷಿನಲ್ಲಿ ಸಿಗುವ ಸಂಶೋಧನೆಯನ್ನೇ ನಂಬಬೇಕಾಗುತ್ತದೆ. ಒಂದು ಏಕಸ್ವಾಮ್ಯ ಕಂಪನಿಯಿಂದ ಇಡೀ ಯುರೋಪಿನ ಬಗ್ಗೆ ತೀರ್ಪು ಕೊಡುವ ಆಸೆಯನ್ನೂ ಅದುಮಿಟ್ಟುಕೊಳ್ಳಬೇಕು. ಫ್ಲ್ಯಾಂಡರ್ಸ್‌ಗೆ ಹೋದರೆ ಮದುವೆ, ಜನಸಂಖ್ಯೆಯ ಅಂಕಿಅಂಶಗಳ ಕಾಡು; ಒಂದು ಸೆಮಿಸ್ಟರಿಗೆ ಅದು ಬೇಡವೆಂದೇ ನನ್ನ ಸಲಹೆ.

ಇಂಗ್ಲೆಂಡನ್ನು ಆರಿಸಿಕೊಂಡರೆ ಸತ್ತವರ ಆಸ್ತಿಪಟ್ಟಿಗಳನ್ನು ಓದಿ. ಮನೆಯಲ್ಲಿದ್ದ ಮಗ್ಗ, ಮಡಕೆ, ಹಸು, ಸಾಲಗಳನ್ನೆಲ್ಲ ಬೆಲೆಸಹಿತ ಬರೆದ ಪಟ್ಟಿಗಳು ಅವು, ಹಲವು ಜಿಲ್ಲೆಗಳವು ಅಚ್ಚಾಗಿವೆ. ಮಗ್ಗ ಇದ್ದು, ಉಣ್ಣೆ ನೂಲು ಯಾವುದೂ ಇಲ್ಲದಿದ್ದರೆ ಅವನು ನೇಯುತ್ತಿದ್ದುದು ಬಹುಶಃ ಬೇರೆಯವರ ನೂಲು. ಮಗ್ಗದ ಜೊತೆ ಉಣ್ಣೆ, ನೂಲು, ಮಾರಾಟಕ್ಕಿಟ್ಟ ಥಾನು, ಒಂದು ಕುದುರೆ, ಉಣ್ಣೆ ಕೊಂಡ ಬಾಕಿ ಇದ್ದರೆ ಸ್ವತಂತ್ರ. ಮಗ್ಗವೇ ಇಲ್ಲದೆ ಮೂಟೆಗಟ್ಟಲೆ ಉಣ್ಣೆ, ಊರೂರಿನವರಿಂದ ಬರಬೇಕಾದ ಬಾಕಿ ಇದ್ದರೆ ಅವನೇ ಕ್ಲಾಥಿಯರ್. ಒಂದು ಎಚ್ಚರಿಕೆ: ಕಡುಬಡವರ ಮನೆಯ ಪಟ್ಟಿಯನ್ನು ಸಾಮಾನ್ಯವಾಗಿ ಯಾರೂ ಮಾಡುತ್ತಿರಲಿಲ್ಲ. ಹಾಗಾಗಿ ಈ ದಾಖಲೆಯಲ್ಲಿ ಸ್ವತಂತ್ರರು ಇದ್ದುದಕ್ಕಿಂತ ಹೆಚ್ಚಾಗಿ ಕಾಣುತ್ತಾರೆ.

ಗುಳೇದಗುಡ್ಡದ ಹೋಲಿಕೆ ತಪ್ಪಲ್ಲ. ನೀವು ಹೇಳಿದ ವ್ಯವಸ್ಥೆ, ಹಾಸು ಹೊಕ್ಕು ಅವರದು, ಮಗ್ಗ ನಿಮ್ಮದು, ಕೈಗೆ ಮಜೂರಿ, ವಿಲ್ಟ್‌ಷೈರ್ ಮಾದರಿಗೆ ತೀರ ಹತ್ತಿರ. ಮಾಡಬಾರದ ಹೋಲಿಕೆ ಇನ್ನೊಂದಿದೆ: ಈಸ್ಟ್ ಇಂಡಿಯಾ ಕಂಪನಿ ಕಾಲದ ದಾದನಿ (ಮುಂಗಡ ಹಣ ಕೊಟ್ಟು ನೇಯಿಸುವ) ಪದ್ಧತಿ ಮತ್ತು ಯುರೋಪಿನ ಪದ್ಧತಿ ಎರಡೂ 'ಮುಂಗಡ' ಎಂದು ಒಂದೇ ತಕ್ಕಡಿಗೆ ಹಾಕುವುದು. ಬಂಗಾಳದಲ್ಲಿ ಕಂಪನಿ 1753ರವರೆಗೆ ದಾದನಿ ವರ್ತಕರ ಮೂಲಕ, ಆಮೇಲೆ ತನ್ನ ಗುಮಾಸ್ತರ ಮೂಲಕ ಕೊಟ್ಟದ್ದು ಮುಖ್ಯವಾಗಿ ಹಣ. ನೂಲನ್ನು ನೇಕಾರನೇ ಕೊಳ್ಳುತ್ತಿದ್ದ. ಬಟ್ಟೆ ಬಾರದಿದ್ದರೆ ಅದು ಸಾಲದ ತಗಾದೆ. ಯುರೋಪಿನ ಮಜೂರಿ ಪದ್ಧತಿಯಲ್ಲಿ ವರ್ತಕ ಕೊಟ್ಟದ್ದು ಮಾಲು, ಅದು ವರ್ತಕನ ಸ್ವತ್ತಾಗಿಯೇ ಉಳಿಯಿತು. ನೂಲು ಕಡಿಮೆ ಬಂದರೆ ಕಳವಿನ ಅಪರಾಧ. 1777ರ ಇನ್‌ಸ್ಪೆಕ್ಟರ್‌ಗಳು ಬೇಕಾದದ್ದು ಇದಕ್ಕೇ. ಬಂಗಾಳದ ಗುಮಾಸ್ತ ಕಾವಲು ಕಾಯುತ್ತಿದ್ದುದು ನೂಲನ್ನಲ್ಲ, ನೇಕಾರನನ್ನು: ಮುಂಗಡ ತಿಂದವನು ಬೇರೆ ಕೊಳ್ಳುವವನ ಬಳಿಗೆ ಹೋಗದಂತೆ ನೋಡುವುದು ಅವನ ಕೆಲಸ.

ನಿಮ್ಮ ಮನೆಯಲ್ಲಿ ಮಾಸ್ಟರ್ ವೀವರ್ ಜೊತೆಗಿನ ಹಳೆಯ ಲೆಕ್ಕದ ಪುಸ್ತಕಗಳಿದ್ದರೆ ಅವನ್ನು ಹೊರತೆಗೆಯಿರಿ. ಕೊಟ್ಟ ನೂಲಿನ ತೂಕ, ಬಂದ ಬಟ್ಟೆಯ ತೂಕ, ಕಳೆತಕ್ಕೆ ಎಷ್ಟು ಬಿಟ್ಟಿದ್ದಾರೆ, ಮಜೂರಿಯಲ್ಲಿ ಯಾವುದನ್ನು ಮುರಿದುಕೊಂಡಿದ್ದಾರೆ, ಹಬ್ಬಕ್ಕೋ ಮದುವೆಗೋ ಕೊಟ್ಟ ಕೈಗಡ ಎಷ್ಟು ವರ್ಷ ಉಳಿದಿದೆ ಎಂಬುದನ್ನು ಬೇರೆ ಬೇರೆ ಸಾಲಿನಲ್ಲಿ ಬರೆದುಕೊಳ್ಳಿ. ಆ ಕೈಗಡದ ಸಾಲನ್ನು ಎಲ್ಲಕ್ಕಿಂತ ಮೊದಲು ನೋಡಿ. ಅದು ತೀರದೆ ಬೇರೆ ಮಾಸ್ಟರ್ ಬಳಿ ಹೋಗುವಂತಿಲ್ಲ ಎಂಬ ಕಟ್ಟಳೆ ಇದ್ದರೆ ನಿಮ್ಮೂರಿನ ವ್ಯವಸ್ಥೆ ವಿಲ್ಟ್‌ಷೈರ್ ಮತ್ತು ದಾದನಿ ಎರಡರ ಬೆರಕೆ, ಆಗ ಹೋಲಿಕೆಯ ಅಧ್ಯಾಯವನ್ನು ಪ್ರಬಂಧದ ಕೊನೆಗಲ್ಲ, ನಡುವಿಗೇ ತರಬೇಕಾಗುತ್ತದೆ.